ನಮ್ಮ ಅಡಿಕೆಗೆ ಬಿಡುವ ಬೋರ್ಡೋ ಮದ್ದು ಹುಟ್ಟಿದ ವೈನ್ ತೋಟ ಯಾವುದು?

ಕಾರ್ಕಳ ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಅಡಿಕೆ ಇರುವವರಿಗೆಲ್ಲ ಬೋರ್ಡೋ ದ್ರಾವಣ ಗೊತ್ತು. ಮೈಲುತುತ್ತು (ಅಂದರೆ ತಾಮ್ರದ ಉಪ್ಪು), ಸುಣ್ಣ, ನೀರು. ಕೊಳೆರೋಗಕ್ಕೆ ನಮ್ಮ ಅಜ್ಜನ ಕಾಲದಿಂದ ಅದೇ ಮದ್ದು. ಫ್ರಾನ್ಸಿನ ಬೋರ್ಡೋದಿಂದ ಬಂದದ್ದು ಅಂತಲೂ ಗೊತ್ತಿತ್ತು, ಅದಕ್ಕಿಂತ ಜಾಸ್ತಿ ಗೊತ್ತಿರಲಿಲ್ಲ. ಮೊನ್ನೆ ಮಂಗಳೂರಿನಲ್ಲಿ ಒಂದು ಮದುವೆ ಊಟಕ್ಕೆ ಹೋಗಿದ್ದಾಗ ಪರಿಚಯದವರೊಬ್ಬರು ಹೇಳಿದರು, ಆ ಮದ್ದು ಸಿಕ್ಕಿದ್ದು ಒಂದು ವೈನ್ ಎಸ್ಟೇಟಿನ ರಸ್ತೆ ಬದಿಯ ಬಳ್ಳಿಗಳಲ್ಲಿ, ಅದೂ ಕಳ್ಳರ ಕಾಟದಿಂದಾಗಿ, ಆ ಎಸ್ಟೇಟ್ ಇವತ್ತಿಗೂ ಉಂಟು, ಅದರ ವೈನ್ ತುಂಬಾ ದುಬಾರಿ ಅಂತ. ಹೆಸರು ಮಾತ್ರ ಅವರಿಗೆ ನೆನಪಾಗಲಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಅದೇ ಕೂತಿದೆ. ಯಾವ ತೋಟ ಅದು? ಕಥೆ ನಿಜವಾ? ಅಲ್ಲಿನ ಮಣ್ಣು ಎಂಥದ್ದು, ನಮ್ಮ ಮುರಕಲ್ಲಿನ ನೆಲದ ಹಾಗೆ ಉಂಟಾ, ಬೇರೆಯಾ? ಮಳೆ ಎಷ್ಟು ಬೀಳುತ್ತದೆ? ವೈನ್ ಹೇಗಿರುತ್ತದೆ? ಮತ್ತೆ, ದ್ರಾಕ್ಷಿಯ ರೋಗಕ್ಕೆ ಅಂತ ಮಾಡಿದ ಮದ್ದು ಅಡಿಕೆಗೆ ಹೇಗೆ ನಾಟಿತು? ಇದನ್ನು ಯಾರಾದರೂ ಬಿಡಿಸಿ ಹೇಳಿದರೆ ಒಳ್ಳೆಯದಿತ್ತು. ವೈನ್ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಹಾಗಾಗಿ ಮೊದಲಿನಿಂದ ಹೇಳಿ. ಎಷ್ಟು ಉದ್ದ ಬರೆದರೂ ಓದುತ್ತೇನೆ.

ಸುರತ್ಕಲ್ ಹಡಗು:

ನೀವು ಕೇಳಿದ ಕಥೆ ನಿಜ ಮಾರಾಯ್ರೆ. ತೋಟದ ಹೆಸರು ಶಾಟೋ ಡುಕ್ರು ಬೊಕಾಯು. ಬೋರ್ಡೋ ಪೇಟೆಯಿಂದ ಉತ್ತರಕ್ಕೆ ಹೋದರೆ ಜಿರೋಂಡ್ ಅಳಿವೆಯ ಎಡದಂಡೆಯಲ್ಲಿ ಮೆಡೋಕ್ ಅನ್ನುವ ಸೀಮೆ ಸಿಗುತ್ತದೆ. ಅದರೊಳಗೆ ಸೇಂಟ್ ಜೂಲಿಯನ್ ಅನ್ನುವ ಊರು. ಮೆಡೋಕಿನ ನಾಲ್ಕು ಹೆಸರಾಂತ ಊರುಗಳಲ್ಲಿ ಇದೇ ಚಿಕ್ಕದು, ದ್ರಾಕ್ಷಿ ಇರುವ ಜಾಗ ಸುಮಾರು 900 ಹೆಕ್ಟೇರ್ ಅಷ್ಟೇ. ಆದರೂ ಬೋರ್ಡೋದ ಹೆಸರಾಂತ ತೋಟಗಳಿಗೆ ದರ್ಜೆ ಕೊಟ್ಟ 1855ರ ಪಟ್ಟಿಯಲ್ಲಿ ಈ ಒಂದೇ ಊರಿನ 11 ತೋಟಗಳು ಉಂಟು.

ನಾನು ಕ್ರೂಸ್ ಹಡಗಿನ ರೆಸ್ಟೋರೆಂಟಿನಲ್ಲಿ ವೈನ್ ನೋಡಿಕೊಳ್ಳುವ ಕೆಲಸದಲ್ಲಿದ್ದವ. ಹಡಗು ಬೋರ್ಡೋದಲ್ಲಿ ನಿಂತಾಗ ಆ ಕಡೆ ಹೋಗಿ ನೋಡಿ ಬಂದಿದ್ದೇನೆ. ಡಿ-2 ಅಂತ ಒಂದು ರಸ್ತೆ, ಅಗಲ ಹೆಚ್ಚಿಲ್ಲ, ಎರಡೂ ಕಡೆ ಬಳ್ಳಿಗಳು. ಎಷ್ಟೋ ಕಡೆ ಕಂಪೌಂಡ್ ಇಲ್ಲ, ಬೇಲಿ ಇಲ್ಲ. ರಸ್ತೆಯಲ್ಲಿ ನಿಂತು ಕೈ ಚಾಚಿದರೆ ಗೊಂಚಲು ಸಿಗುತ್ತದೆ. ಕಳ್ಳರ ಕಥೆ ಯಾಕೆ ಹುಟ್ಟಿತು ಅಂತ ಅಲ್ಲಿ ನಿಂತರೆ ತಾನೇ ಅರ್ಥ ಆಗುತ್ತದೆ. ಸೇಂಟ್ ಜೂಲಿಯನ್ ಶುರುವಾಗುವಲ್ಲಿ ಆಳೆತ್ತರಕ್ಕಿಂತ ದೊಡ್ಡ ಒಂದು ಬಾಟಲಿ ನಿಲ್ಲಿಸಿದ್ದಾರೆ, ಗುರುತಿಗೆ ಅದು ಸಾಕು. ಡುಕ್ರು ಬೊಕಾಯು ಮನೆ ಅಲ್ಲಿಂದ ದೂರ ಇಲ್ಲ. ಅಳಿವೆಗೆ ಮುಖ ಮಾಡಿ ದಿಬ್ಬದ ಮೇಲೆ ಕೂತಿದೆ. ಎರಡು ಬದಿಗೆ ಚೌಕದ ಗೋಪುರ, ಮನೆಯ ಅಡಿಯಲ್ಲೇ ಪೀಪಾಯಿಗಳ ನೆಲಮಾಳಿಗೆ. ಮೆಡೋಕಿನಲ್ಲಿ ಸಾಮಾನ್ಯವಾಗಿ ಮನೆ ಒಂದು ಕಡೆ, ವೈನ್ ಇಡುವ ಕಟ್ಟಡ ಇನ್ನೊಂದು ಕಡೆ ಇರುತ್ತದೆ. ಇಲ್ಲಿ ಮನೆಯವರು ವೈನಿನ ಮೇಲೆಯೇ ವಾಸ.

ಚರಿತ್ರೆ ಚುಟುಕಾಗಿ ಹೇಳುತ್ತೇನೆ. 1795ರಲ್ಲಿ ಬರ್ಟ್ರಾಂಡ್ ಡುಕ್ರು ಅನ್ನುವವರು ಕೊಂಡರು, ತೋಟದ ಹೆಸರಿಗೆ ಅವರ ಹೆಸರು ಸೇರಿತು. 1855ರಲ್ಲಿ ಮೂರನೇ ನೆಪೋಲಿಯನ್ ಕಾಲದ ಪ್ಯಾರಿಸ್ ವಸ್ತು ಪ್ರದರ್ಶನಕ್ಕೆ ಬೋರ್ಡೋದ ವೈನ್ ದಲ್ಲಾಳಿಗಳು ಒಂದು ಪಟ್ಟಿ ಮಾಡಿದರು, ಐದು ದರ್ಜೆ. ಅದರಲ್ಲಿ ಇದಕ್ಕೆ ಎರಡನೇ ದರ್ಜೆ. ಆ ಪಟ್ಟಿ ಇವತ್ತಿಗೂ ಹೆಚ್ಚು ಕಡಿಮೆ ಹಾಗೆಯೇ ನಡೆಯುತ್ತಿದೆ. 1866ರಲ್ಲಿ ನಥಾನಿಯಲ್ ಜಾನ್‌ಸ್ಟನ್ ಅನ್ನುವ ಬೋರ್ಡೋದ ವ್ಯಾಪಾರಿ ಕೊಂಡರು, ಗೋಪುರ ಕಟ್ಟಿಸಿದ್ದು ಅವರೇ. ನಿಮ್ಮ ಮದ್ದಿನ ಕಥೆ ನಡೆದದ್ದು ಅವರ ಕಾಲದಲ್ಲಿ. 1929ರಲ್ಲಿ ಅವರ ಕುಟುಂಬ ಮಾರಿತು. 1941ರಿಂದ ಬೋರಿ ಕುಟುಂಬದ ಕೈಯಲ್ಲಿ ಉಂಟು.

ಈಗ ಮಣ್ಣು. ತೋಟದವರಾಗಿ ನಿಮಗೆ ಆಶ್ಚರ್ಯ ಆಗುವುದು ಇಲ್ಲೇ. ಆ ಮಣ್ಣು ನೋಡಿದರೆ ಇದರಲ್ಲಿ ಎಂತ ಬೆಳೆಯುತ್ತದೆ ಅಂತ ಕೇಳುತ್ತೀರಿ. ಬರೀ ಕಲ್ಲು. ಬೆಣಚುಕಲ್ಲು, ಚಕಮಕಿ ಕಲ್ಲು, ನಯವಾದ ಉರುಟು ಹೊಳೆಕಲ್ಲು. ಹಿಮಯುಗ ಶುರುವಾಗುವ ಕಾಲಕ್ಕೆ ಗಾರೋನ್ ನದಿ ಮೇಲಿನಿಂದ ಹೊತ್ತು ತಂದು ಗುಡ್ಡೆ ಹಾಕಿದ್ದು. ಗೊಬ್ಬರದ ಅಂಶ ತೀರಾ ಕಡಿಮೆ. ಇದರ ಕೆಲಸ ಏನೆಂದರೆ ನೀರು ಇಳಿಸುವುದು. ಮಳೆ ಬಂದರೆ ನೀರು ನಿಲ್ಲುವುದೇ ಇಲ್ಲ, ಕೆಳಗೆ ಹೋಗುತ್ತದೆ, ಬೇರು ನೀರನ್ನು ಹುಡುಕಿಕೊಂಡು ಆಳಕ್ಕೆ ಹೋಗಬೇಕು. ಬಳ್ಳಿಗೆ ಸೊಪ್ಪು ಸೊಂಪಾಗಿ ಬರುವುದಿಲ್ಲ. ಹಣ್ಣು ಸಣ್ಣದು, ಸಿಪ್ಪೆ ದಪ್ಪ. ಕೆಂಪು ವೈನಿಗೆ ಬಣ್ಣ, ಚೊಗರು, ಪರಿಮಳದ ಬಹುಪಾಲು ಬರುವುದು ಸಿಪ್ಪೆಯಿಂದ ಆದ್ದರಿಂದ ಅವರಿಗೆ ಬೇಕಾದದ್ದು ಇಂಥ ಹಣ್ಣೇ.

ಇನ್ನೊಂದು ಉಂಟು. ಕಲ್ಲು ಹಗಲಿಡೀ ಬಿಸಿಲಿಗೆ ಕಾಯುತ್ತದೆ, ರಾತ್ರಿ ಆ ಬಿಸಿಯನ್ನು ಬಳ್ಳಿಗೆ ಬಿಡುತ್ತದೆ. ಅಲ್ಲಿನ ಮುಖ್ಯ ತಳಿ ಕ್ಯಾಬರ್ನೆ ಸೊವಿನ್ಯೋನ್. ಅದು ತಡವಾಗಿ ಹಣ್ಣಾಗುವ ತಳಿ, ತಂಪು ಮಣ್ಣಿನಲ್ಲಿ ಹಾಕಿದರೆ ಕೆಲವು ವರ್ಷ ಸರಿಯಾಗಿ ಹಣ್ಣಾಗುವುದೇ ಇಲ್ಲ. ಬಿಸಿ ಕಲ್ಲಿನ ನೆಲದಲ್ಲಿ ಆಗುತ್ತದೆ. ಜೊತೆಗೆ ಮರ್ಲೋ ಅಂತ ಇನ್ನೊಂದು ತಳಿ ಸೇರಿಸುತ್ತಾರೆ, ಅದಕ್ಕೆ ಜೇಡಿಮಣ್ಣು ಇದ್ದರೂ ನಡೆಯುತ್ತದೆ. ಅಳಿವೆ ಹತ್ತಿರ ಇರುವುದರಿಂದ ವಸಂತದಲ್ಲಿ ಹಿಮ ಬಿದ್ದು ಚಿಗುರು ಸುಟ್ಟು ಹೋಗುವ ಭಯ ಕಡಿಮೆ. ಮೆಡೋಕಿನಲ್ಲಿ ಒಂದು ಹಳೆ ಮಾತೇ ಉಂಟು, ಒಳ್ಳೆಯ ಬಳ್ಳಿ ಹೊಳೆಯನ್ನು ನೋಡುತ್ತಿರಬೇಕು ಅಂತ. ಪಶ್ಚಿಮಕ್ಕೆ ಅಟ್ಲಾಂಟಿಕ್ ಸಮುದ್ರ, ನಡುವೆ ದೊಡ್ಡ ಪೈನ್ ಕಾಡು, ಅದು ಕಡಲ ಗಾಳಿಯನ್ನು ತಡೆಯುತ್ತದೆ.

ಮಳೆ ಕೇಳಿದ್ದೀರಿ. ಬೋರ್ಡೋದಲ್ಲಿ ವರ್ಷಕ್ಕೆ 900 ಮಿಲಿಮೀಟರ್ ಮೇಲೆ ಸ್ವಲ್ಪ. ನಮ್ಮ ಮಂಗಳೂರಿನಲ್ಲಿ 3500 ದಾಟುತ್ತದೆ. ಆದರೆ ನಮಗೆ ನಾಲ್ಕು ತಿಂಗಳು ಸುರಿದು ನಿಲ್ಲುತ್ತದೆ, ಅವರಿಗೆ ವರ್ಷವಿಡೀ ಹಂಚಿ ಬರುತ್ತದೆ. ಹಣ್ಣಾಗುವ ಸೆಪ್ಟೆಂಬರಿನಲ್ಲಿ ಕೂಡ ಬರಬಹುದು, ಅದೇ ಅವರ ಚಿಂತೆ.

ವೈನಿನ ಬಗ್ಗೆ ಆಮೇಲೆ ಬರೆಯುತ್ತೇನೆ, ಕೈ ನೋಯುತ್ತಿದೆ.

ಉಡುಪಿ ನಿವೃತ್ತ:

ತೋಟದ ಬಗ್ಗೆ ಹಡಗಿನವರು ಚೆನ್ನಾಗಿ ಬರೆದಿದ್ದಾರೆ. ಮದ್ದಿನ ಭಾಗ ನಾನು ಹೇಳುತ್ತೇನೆ. ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿದವ, ಅಡಿಕೆ ತೋಟಗಳಲ್ಲಿ ಈ ದ್ರಾವಣ ಕಲಸಿ ತೋರಿಸುವುದೇ ಒಂದು ಕಾಲದಲ್ಲಿ ನನ್ನ ಉದ್ಯೋಗ ಆಗಿತ್ತು.

ಮೊದಲು ರೋಗ ಹೇಗೆ ಬಂತು ಅಂತ ತಿಳಿಯಬೇಕು. 1860ರ ದಶಕದಲ್ಲಿ ಫ್ರಾನ್ಸಿಗೆ ಅಮೆರಿಕದಿಂದ ಫಿಲೋಕ್ಸೆರ ಅನ್ನುವ ಬೇರಿನ ಹೇನು ಬಂತು. ದ್ರಾಕ್ಷಿ ತೋಟಗಳು ಸಾಲು ಸಾಲಾಗಿ ಒಣಗಿದವು. ಅಮೆರಿಕದ ಬಳ್ಳಿಗಳ ಬೇರಿಗೆ ಆ ಹೇನಿನಿಂದ ಏನೂ ಆಗುವುದಿಲ್ಲ ಅಂತ ಗೊತ್ತಾಗಿ, ಕಸಿ ಕಟ್ಟಲು ಅವರು ಅಮೆರಿಕದ ಬಳ್ಳಿಗಳನ್ನು ತರಿಸಿದರು. ಒಂದು ಕಷ್ಟ ಕಳೆಯಲು ತರಿಸಿದ ಬಳ್ಳಿಯ ಜೊತೆ ಇನ್ನೊಂದು ರೋಗ ಬಂತು. ಅದೇ ಡೌನಿ ಮಿಲ್ಡ್ಯೂ, ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಬಂದು ಎಲೆ ಉದುರುವ ರೋಗ. ಫ್ರಾನ್ಸಿನಲ್ಲಿ ಇದನ್ನು 1878ರಲ್ಲಿ ಗುರುತಿಸಿದರು.

ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಪಿಯರ್ ಮಿಯಾರ್ಡೆ ಅಂತ ಸಸ್ಯಶಾಸ್ತ್ರದ ಪ್ರೊಫೆಸರ್ ಇದ್ದರು. ಕಸಿ ಬೇರಿನ ಕೆಲಸವನ್ನೂ ಮಾಡಿದವರು. 1882ರ ಅಕ್ಟೋಬರಿನಲ್ಲಿ ಅವರು ಸೇಂಟ್ ಜೂಲಿಯನ್ ರಸ್ತೆಯಲ್ಲಿ ಹೋಗುತ್ತಿದ್ದರು. ತೋಟದ ಒಳಗೆಲ್ಲ ಎಲೆ ಉದುರಿ ಬಳ್ಳಿ ಬೋಳಾಗಿದೆ, ರಸ್ತೆಗೆ ತಾಗಿದ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿ ನಿಂತಿದೆ. ಹತ್ತಿರ ಹೋಗಿ ನೋಡಿದರೆ ಎಲೆಯ ಮೇಲೆ ನೀಲಿ ಬಣ್ಣದ ಪುಡಿ ಅಂಟಿಕೊಂಡಿದೆ. ಡುಕ್ರು ಬೊಕಾಯು ತೋಟದ ಉಸ್ತುವಾರಿ ಅರ್ನೆಸ್ಟ್ ಡೇವಿಡ್ ಅಂತ. ಅವರನ್ನು ಕೇಳಿದಾಗ ವಿಷಯ ಗೊತ್ತಾಯಿತು. ದಾರಿಹೋಕರು ಹಣ್ಣು ಕಿತ್ತು ತಿನ್ನಬಾರದು ಅಂತ, ನೋಡಿದರೆ ವಿಷ ಅನ್ನಿಸುವ ಹಾಗೆ, ರಸ್ತೆ ಬದಿಯ ಬಳ್ಳಿಗೆ ತಾಮ್ರದ ಉಪ್ಪು ಸುಣ್ಣ ಕಲಸಿ ಎರಚುವುದು ಆ ಊರಿನವರ ಅಭ್ಯಾಸ. ರೋಗಕ್ಕೂ ಅದಕ್ಕೂ ಸಂಬಂಧ ಉಂಟು ಅಂತ ಅವರು ಯೋಚಿಸಿರಲಿಲ್ಲ.

ಮಿಯಾರ್ಡೆ ಅದನ್ನು ಅಲ್ಲಿಗೇ ಬಿಡಲಿಲ್ಲ. ಇಲ್ಲಿ ಒಂದು ಸಣ್ಣ ವಿಷಯ ಸೇರಿಸಬೇಕು. ಕಣ್ಣಿಗೆ ಬಿದ್ದದ್ದು ಸೇಂಟ್ ಜೂಲಿಯನ್‌ನಲ್ಲಿ, ಆದರೆ ಪ್ರಯೋಗ ಮುಖ್ಯವಾಗಿ ನಡೆದದ್ದು ಮಾರ್ಗೋ ಕಡೆಯ ಶಾಟೋ ಡೋಜಾಕ್ ಅನ್ನುವ ತೋಟದಲ್ಲಿ. ಅದೂ ಜಾನ್‌ಸ್ಟನ್ ಅವರದೇ, ಉಸ್ತುವಾರಿ ಅದೇ ಡೇವಿಡ್ ಅವರದು. ಹಾಗಾಗಿ ಎರಡು ತೋಟದವರೂ ಈ ಕಥೆ ನಮ್ಮದು ಅನ್ನುವುದರಲ್ಲಿ ನ್ಯಾಯ ಉಂಟು. ಯುಲಿಸ್ ಗಾಯೋನ್ ಅನ್ನುವ ರಸಾಯನಶಾಸ್ತ್ರಜ್ಞರು ಜೊತೆಗೆ ಸೇರಿದರು. ಮೂರು ಹಂಗಾಮು ನೋಡಿ, 1885ರಲ್ಲಿ ಮಿಯಾರ್ಡೆ ಪ್ರಕಟಿಸಿದರು. ಪುಸ್ತಕಗಳಲ್ಲಿ ಪ್ರೊಫೆಸರ್ ಹೆಸರು ಮಾತ್ರ ಇರುತ್ತದೆ. ನನ್ನ ಪ್ರಕಾರ ಅರ್ಧ ಹೆಸರು ಡೇವಿಡ್‌ಗೆ ಹೋಗಬೇಕು. ಕಲಸಿದ್ದು, ಎರಚಿಸಿದ್ದು, ಸಾಲು ಸಾಲಾಗಿ ಗುರುತು ಇಟ್ಟು ನೋಡಿಕೊಂಡದ್ದು ಅವರು.

ಆಗಿನ ಅಳತೆ ಕೇಳಿದರೆ ನಿಮಗೆ ಗಾಬರಿ ಆದೀತು. 100 ಲೀಟರ್ ನೀರಿಗೆ 8 ಕಿಲೋ ಮೈಲುತುತ್ತು. ಬೇರೆ 30 ಲೀಟರ್ ನೀರಲ್ಲಿ 15 ಕಿಲೋ ಸುಣ್ಣ ಅರಳಿಸಿ ಅದಕ್ಕೆ ಸೇರಿಸುವುದು. ಅದು ದ್ರಾವಣ ಅಲ್ಲ, ಗಂಜಿ. ಪಂಪು ಇರಲಿಲ್ಲ, ಆಳುಗಳು ಒಂದು ಕೈಯಲ್ಲಿ ಪಾತ್ರೆ, ಇನ್ನೊಂದು ಕೈಯಲ್ಲಿ ಸಣ್ಣ ಹಿಡಿಸೂಡಿ ಹಿಡಿದು ಎಲೆಗೆ ಚಿಮುಕಿಸುತ್ತಾ ಹೋಗುತ್ತಿದ್ದರು. ನಾವು ಈಗ ಬಿಡುವ ಶೇಕಡಾ 1ರ ದ್ರಾವಣ, ಅಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತು 1 ಕಿಲೋ ಸುಣ್ಣ, ಆಮೇಲೆ ಕಡಿಮೆ ಮಾಡುತ್ತಾ ಬಂದು ನಿಂತ ಅಳತೆ.

ಅಡಿಕೆಗೆ ಯಾಕೆ ನಾಟಿತು ಅಂತ ಕೇಳಿದಿರಿ, ಇದು ನಿಮ್ಮ ಪ್ರಶ್ನೆಗಳಲ್ಲಿ ಅತ್ಯಂತ ಒಳ್ಳೆಯದು. ದ್ರಾಕ್ಷಿಯ ಡೌನಿ ಮಿಲ್ಡ್ಯೂ, ಅಡಿಕೆಯ ಕೊಳೆರೋಗ ಎರಡೂ ಒಂದೇ ಗುಂಪಿನ ಜೀವಿಗಳಿಂದ ಬರುವುದು. ನೋಡಲು ಶಿಲೀಂಧ್ರದ ಹಾಗೆ ಇರುತ್ತವೆ, ಆದರೆ ನಿಜವಾದ ಶಿಲೀಂಧ್ರ ಅಲ್ಲ, ನೀರಿನ ಬೂಷ್ಟು ಅನ್ನಬಹುದು. ಅಡಿಕೆಗೆ ಬರುವುದು ಫೈಟೋಫ್ತೋರ. ಅದರ ಕಣಗಳಿಗೆ ಬಾಲ ಇರುತ್ತದೆ, ನೀರಿನ ತೆಳು ಪದರದಲ್ಲಿ ಈಜಿಕೊಂಡು ಹೋಗಿ ಕಾಯಿಗೆ ತಾಗುತ್ತವೆ. ಅದಕ್ಕೇ ಜಿಟಿಜಿಟಿ ಮಳೆ, ನಡುವೆ ಸ್ವಲ್ಪ ಬಿಸಿಲು, ಪುನಃ ಮಳೆ ಅಂತ ಆದರೆ ಕೊಳೆ ಹಬ್ಬುವುದು. ತಾಮ್ರದ ಅಂಶ ಮೊದಲೇ ಕಾಯಿಯ ಮೇಲೆ ಇದ್ದರೆ ಆ ಕಣ ಮೊಳೆಯುವ ಮುಂಚೆ ಸಾಯುತ್ತದೆ. ಒಳಗೆ ಹೊಕ್ಕ ಮೇಲೆ ಬೋರ್ಡೋದಿಂದ ಏನೂ ಉಪಯೋಗ ಇಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನಕ್ಕೆ ಇನ್ನೊಂದು ಸಲ ಅಂತ ಹೇಳುವುದು ಸುಮ್ನೆ ಅಲ್ಲ.

ನಮ್ಮ ನಾಡಿಗೆ ತಂದವರು ಯಾರು ಅಂತಲೂ ಹೇಳುತ್ತೇನೆ. ಲೆಸ್ಲಿ ಕೋಲ್ಮನ್ ಅನ್ನುವ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದರು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗ ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ವಿವರವಾಗಿ ಬರೆದರು, ಬೋರ್ಡೋ ಸಿಂಪಡಣೆ ನಮ್ಮ ಅಡಿಕೆಗೆ ಹೊಂದುವ ಹಾಗೆ ಮಾಡಿದರು. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಘಟ್ಟದ ಮೇಲಿನಿಂದ ಕೆಳಗೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ.

ಕಾಪು ಕಡಲು:

ಎಲ್ಲ ಓದಿದೆ, ತುಂಬಾ ಒಳ್ಳೆಯ ಮಾಹಿತಿ. ಒಂದು ಸಂಶಯ ಮಾತ್ರ. ಈ ಕಲ್ಲು ಮಣ್ಣು, ಹೊಳೆ ನೋಡುವ ಬಳ್ಳಿ ಅಂತ ಹೇಳುವುದೆಲ್ಲ ಬೆಲೆ ಏರಿಸಲು ಮಾಡಿದ ಪ್ರಚಾರ ಅಲ್ವಾ? ದ್ರಾಕ್ಷಿ ದ್ರಾಕ್ಷಿಯೇ. ಪಕ್ಕದ ತೋಟದ ವೈನಿಗೆ ಕಾಲು ಬೆಲೆ, ಇದಕ್ಕೆ ಇಷ್ಟು ಬೆಲೆ ಅಂದರೆ ನಂಬುವುದು ಹೇಗೆ?

ಸುರತ್ಕಲ್ ಹಡಗು:

ಕಾಪು ಅಣ್ಣ, ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. 1855ರ ಪಟ್ಟಿ ಮಾಡಿದ್ದು ಮಣ್ಣು ಪರೀಕ್ಷೆ ಮಾಡಿ ಅಲ್ಲ, ಅದುವರೆಗೆ ಯಾವ ತೋಟದ ವೈನ್ ಎಷ್ಟಕ್ಕೆ ಹೋಗುತ್ತಿತ್ತು ಅಂತ ಲೆಕ್ಕ ನೋಡಿ. ಹೆಸರಿಗೆ ಬೆಲೆ ಖಂಡಿತ ಉಂಟು. ಆದರೆ ಮಣ್ಣು ಬರೀ ಕಥೆ ಅಂತ ನಾನು ಒಪ್ಪುವುದಿಲ್ಲ. ನಿಮ್ಮ ಊರಿನ ಹತ್ತಿರವೇ ಮಟ್ಟು ಉಂಟಲ್ಲ, ಮಟ್ಟು ಗುಳ್ಳ ಬದನೆಯ ಬೀಜ ತಂದು ಬೇರೆ ಕಡೆ ಹಾಕಿದರೆ ಅದೇ ರುಚಿ ಬರುತ್ತದೆ ಅಂತ ಆ ಊರಿನ ಯಾರಾದರೂ ಒಪ್ಪುತ್ತಾರಾ?

ಡುಕ್ರು ಬೊಕಾಯು ಮನೆಯವರ ಕೆಲಸದಲ್ಲೇ ಇದು ಕಾಣುತ್ತದೆ. ಬೋರಿ ಕುಟುಂಬಕ್ಕೆ ಅದೇ ಸೇಂಟ್ ಜೂಲಿಯನ್‌ನಲ್ಲಿ ಅಳಿವೆಯಿಂದ ಸ್ವಲ್ಪ ಒಳಗೆ ಬೇರೆ ಜಾಗ ಉಂಟು, 1970ರಲ್ಲಿ ಕೊಂಡು ಬಳ್ಳಿ ಹಾಕಿದ್ದು. ಮನೆತನ ಅದೇ, ಊರು ಅದೇ. ಬೇಕಾದರೆ ಆ ಹಣ್ಣನ್ನೂ ದೊಡ್ಡ ಹೆಸರಿನ ಬಾಟಲಿಗೆ ತುಂಬಿಸಿ ಮಾರಬಹುದಿತ್ತು. ಹಾಗೆ ಮಾಡದೆ ತುಂಬಾ ವರ್ಷ ಲಾಲಾಂಡ್ ಬೋರಿ ಅನ್ನುವ ಬೇರೆ ಹೆಸರಿನಲ್ಲಿ, ತುಂಬಾ ಕಡಿಮೆ ಬೆಲೆಗೆ ಕೊಡುತ್ತಿದ್ದರು. ಬರೀ ಹೆಸರಿನ ವ್ಯಾಪಾರ ಆಗಿದ್ದರೆ ಯಾರಾದರೂ ಹೀಗೆ ಲಾಭ ಬಿಡುತ್ತಾರಾ?

ಇನ್ನೊಂದು. ಮೆಡೋಕ್ ಎಲ್ಲ ಕಡೆಯೂ ಒಳ್ಳೆಯ ಜಾಗ ಅಂತ ಅಲ್ಲ. ಒಂದು ಕಾಲದಲ್ಲಿ ಅಲ್ಲಿ ತುಂಬಾ ಭಾಗ ಜೌಗು. 17ನೇ ಶತಮಾನದಲ್ಲಿ ಡಚ್ಚರ ಎಂಜಿನಿಯರುಗಳು ಬಂದು ಕಾಲುವೆ ತೋಡಿ ನೀರು ಹೊರಗೆ ಹಾಕಿದ ಮೇಲೆ ಕಲ್ಲಿನ ದಿಬ್ಬಗಳಲ್ಲಿ ದ್ರಾಕ್ಷಿ ಹಬ್ಬಿತು. ಈಗಲೂ ದಿಬ್ಬದ ಮೇಲೆ ಬಳ್ಳಿ, ತಗ್ಗಿನಲ್ಲಿ ಹುಲ್ಲು, ದನ. ಯಾರೂ ತಗ್ಗಿನ ಹುಲ್ಲುಗಾವಲಿನಲ್ಲಿ ಕ್ಯಾಬರ್ನೆ ಹಾಕಿ ದೊಡ್ಡ ವೈನ್ ಮಾಡಿ ತೋರಿಸಿಲ್ಲ.

ಈಗ ವೈನ್. ಹಣ್ಣನ್ನು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಕೈಯಲ್ಲೇ ಕೀಳುತ್ತಾರೆ. ರಸ ಹುದುಗಿದ ಮೇಲೆ 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಸುಮಾರು ಒಂದೂವರೆ ವರ್ಷ ಇಡುತ್ತಾರೆ. ಹಳದಿ ಕಿತ್ತಳೆ ನಡುವಿನ ಬಣ್ಣದ ಲೇಬಲ್, ದೂರದಿಂದಲೇ ಗುರುತು ಸಿಗುತ್ತದೆ. ಎಳೆ ವೈನ್ ಕುಡಿದರೆ ನಿಮಗೆ ಇಷ್ಟ ಆಗುವ ಗ್ಯಾರಂಟಿ ಇಲ್ಲ. ಚೊಗರು ಜಾಸ್ತಿ, ನಾಲಿಗೆ ಒಣಗಿದ ಹಾಗೆ ಆಗುತ್ತದೆ. ಹತ್ತು ಹದಿನೈದು ವರ್ಷ ಕಳೆದರೆ ಆ ಚೊಗರು ಮೆತ್ತಗಾಗಿ, ಕಪ್ಪು ಹಣ್ಣಿನ ರುಚಿಯ ಹಿಂದೆ ದೇವದಾರು ಮರದ, ಹೊಗೆಸೊಪ್ಪಿನ ಪರಿಮಳ ಬರುತ್ತದೆ. ಪಕ್ಕದ ಪೊಯಾಕ್ ಊರಿನ ವೈನ್ ಇದಕ್ಕಿಂತ ಗಡಸು, ಮಾರ್ಗೋ ಕಡೆಯದು ಇದಕ್ಕಿಂತ ಹಗುರ. ಸೇಂಟ್ ಜೂಲಿಯನ್ ನಡುವೆ ನಿಲ್ಲುತ್ತದೆ. ಜೋರಾಗಿ ಕೂಗದೆ ಎಲ್ಲವೂ ಹದದಲ್ಲಿ ಇರುವ ವೈನ್ ಅದು. ಹಡಗಿನಲ್ಲಿ ಎಷ್ಟೋ ದುಬಾರಿ ಬಾಟಲಿ ತೆರೆದಿದ್ದೇನೆ, ನನಗೆ ಮನಸ್ಸಿಗೆ ಹಿಡಿದದ್ದು ಈ ಊರಿನದ್ದೇ.

ಬೆಂದೂರು ಭರಣಿ:

ನಮ್ಮ ಮನೆಯಲ್ಲಿ ಕ್ರಿಸ್ಮಸ್‌ಗೆ ವೈನ್ ಹಾಕುವುದು ಮಮ್ಮಿಯ ಕಾಲದಿಂದ ನಡೆದು ಬಂದದ್ದು. ಭರಣಿಯಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಸ್ವಲ್ಪ ಗೋಧಿ, ಈಸ್ಟ್. ಸಿಹಿಯಾಗಿರುತ್ತದೆ, ಕೇಕಿನ ಜೊತೆ ಸಣ್ಣ ಗ್ಲಾಸಿನಲ್ಲಿ ಕೊಡುವುದು. ಮೇಲಿನ ಚರ್ಚೆ ಓದುವಾಗ ಇದನ್ನು ಸೇರಿಸಬೇಕು ಅನ್ನಿಸಿತು, ಯಾಕೆಂದರೆ ನಮ್ಮ ಭರಣಿಗೂ ಆ ರೋಗದ ಕಥೆಗೂ ಸಂಬಂಧ ಉಂಟು.

ನಾವು ಮಾರ್ಕೆಟಿನಿಂದ ತರುವುದು ಬೆಂಗಳೂರು ಬ್ಲೂ ದ್ರಾಕ್ಷಿ. ಇದು ಹೊರಗಡೆ ಇಸಾಬೆಲ್ಲಾ ಅಂತ ಕರೆಯುವ ತಳಿಯೇ. ಅದರಲ್ಲಿ ಅಮೆರಿಕದ ದ್ರಾಕ್ಷಿಯ ರಕ್ತ ಉಂಟು. ಉಡುಪಿಯವರು ಹೇಳಿದ ಬೂಷ್ಟು ರೋಗ ಅಮೆರಿಕದಿಂದಲೇ ಬಂದದ್ದಲ್ಲವಾ, ಹಾಗಾಗಿ ಅಲ್ಲಿನ ಬಳ್ಳಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಯುರೋಪಿನ ಬಳ್ಳಿಗಿಂತ ಜಾಸ್ತಿ. ಬೆಂಗಳೂರು ಸುತ್ತ ಅದು ಇಷ್ಟು ಸಲೀಸಾಗಿ ಬೆಳೆಯುವುದಕ್ಕೆ ಅದೂ ಒಂದು ಕಾರಣ. ಪರಿಮಳ ಮಾತ್ರ ಬೇರೆ. ಕ್ಯಾಬರ್ನೆ ಕುಡಿದವರಿಗೆ ನಮ್ಮದು ಜ್ಯೂಸಿನ ಹಾಗೆ ಅನ್ನಿಸಬಹುದು. ಫ್ರಾನ್ಸಿನಲ್ಲಿ 1930ರ ದಶಕದಲ್ಲಿ ಇಸಾಬೆಲ್ಲಾದಿಂದ ಮಾರಾಟಕ್ಕೆ ವೈನ್ ಮಾಡುವುದನ್ನೇ ನಿಲ್ಲಿಸಿದರು. ನನಗೆ ಅದರಿಂದ ಬೇಜಾರಿಲ್ಲ. ನಮ್ಮ ಹಬ್ಬಕ್ಕೆ ನಮ್ಮ ರುಚಿಯೇ ಬೇಕು.

ಕಾರ್ಕಳ ತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂತ ನಾನು ಎಣಿಸಿರಲಿಲ್ಲ. ಉಡುಪಿಯವರ ಮಾತು, ಬೋರ್ಡೋ ರೋಗ ಬಂದ ಮೇಲೆ ನಾಟುವುದಿಲ್ಲ ಅನ್ನುವುದು, ನಮ್ಮ ಕಡೆ ಎಲ್ಲರೂ ಓದಬೇಕು. ನಾಲ್ಕು ಕಾಯಿ ಉದುರಿದ ಮೇಲೆ ದೋಟಿ ಹುಡುಕುವವರೇ ಜಾಸ್ತಿ.

ಮೂರು ಪ್ರಶ್ನೆ ಉಳಿದಿವೆ. ಅಂಥ ಕ್ಯಾಬರ್ನೆ ಬಳ್ಳಿಯನ್ನು ನಮ್ಮ ಕಾರ್ಕಳದಲ್ಲಿ, ಗುಡ್ಡದ ಕಲ್ಲು ಜಾಗದಲ್ಲಿ ಹಾಕಿ ನೋಡಬಹುದಾ? ಎರಡನೆಯದು, 140 ವರ್ಷ ಒಂದೇ ತೋಟಕ್ಕೆ ತಾಮ್ರ ಬಿಡುತ್ತಾ ಬಂದರೆ ಮಣ್ಣು ಹಾಳಾಗುವುದಿಲ್ವಾ? ನಮ್ಮಲ್ಲೂ ತಲೆಮಾರುಗಳಿಂದ ಬಿಡುತ್ತಿದ್ದೇವೆ, ಅದು ನನಗೆ ನಿಜವಾಗಿ ಚಿಂತೆ. ಮೂರನೆಯದು, ಆ ವೈನ್ ಒಮ್ಮೆ ರುಚಿ ನೋಡಬೇಕು ಅಂದರೆ ಏನು ಮಾಡಬೇಕು?

ಉಡುಪಿ ನಿವೃತ್ತ:

ಮೊದಲನೆಯದಕ್ಕೆ ಉತ್ತರ, ಹಾಕಬೇಡಿ. ಕಲ್ಲು ಜಾಗ ಇದ್ದರೆ ಸಾಕಾಗುವುದಿಲ್ಲ. ಕ್ಯಾಬರ್ನೆಗೆ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಕಾಲ ಬೇಕು, ನಮ್ಮ ಕರಾವಳಿಯಲ್ಲಿ ಅದಕ್ಕೆ ನಿದ್ದೆ ಎಲ್ಲಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಒಣಗುವುದಕ್ಕೆ ಪುರಸೊತ್ತೇ ಇಲ್ಲ, ವಾರಕ್ಕೊಮ್ಮೆ ಮದ್ದು ಬಿಟ್ಟರೂ ಬಳ್ಳಿ ಉಳಿಸುವುದು ಕಷ್ಟ. ನಂದಿ ಬೆಟ್ಟದ ತಪ್ಪಲು, ವಿಜಯಪುರ, ಬಾಗಲಕೋಟೆ ಕಡೆ ಗಾಳಿ ಒಣ, ಮಳೆ ಕಡಿಮೆ. ಅಲ್ಲಿ ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ, ಅಂದರೆ ಬಳ್ಳಿ ಸವರಿ, ಹಣ್ಣು ಬೇಸಿಗೆ ಶುರುವಿಗೆ ಬರುವ ಹಾಗೆ ತಿರುಗಿಸಿಕೊಂಡಿದ್ದಾರೆ. ಆ ಉಪಾಯ ನಮಗೆ ಆಗುವುದಿಲ್ಲ. ಆ ಗುಡ್ಡದಲ್ಲಿ ಗೇರು ಹಾಕಿ, ಮುರಕಲ್ಲಿಗೆ ಅದು ಹೊಂದುತ್ತದೆ.

ಎರಡನೆಯ ಪ್ರಶ್ನೆ ಗಂಭೀರ. ತಾಮ್ರ ಕೊಳೆಯುವ ವಸ್ತು ಅಲ್ಲ. ಎಲೆಯಿಂದ ತೊಳೆದು ಹೋದದ್ದು ಮೇಲ್ಮಣ್ಣಿನಲ್ಲೇ ಕೂರುತ್ತದೆ. ಬೋರ್ಡೋದ ಹಳೆಯ ತೋಟಗಳ ಮಣ್ಣಿನಲ್ಲಿ ತಾಮ್ರ ಜಾಸ್ತಿ ಸೇರಿದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಎರೆಹುಳಕ್ಕೆ, ಮಣ್ಣಿನ ಸೂಕ್ಷ್ಮ ಜೀವಿಗಳಿಗೆ ಅದು ಒಳ್ಳೆಯದಲ್ಲ. ಹುಳಿ ಮಣ್ಣಿನಲ್ಲಿ ತೊಂದರೆ ಇನ್ನೂ ಹೆಚ್ಚು, ನಮ್ಮ ಮಣ್ಣು ಹುಳಿಯೇ. ಯುರೋಪಿನಲ್ಲಿ 2019ರಿಂದ ಕಟ್ಟುನಿಟ್ಟು ಮಾಡಿದ್ದಾರೆ. ಏಳು ವರ್ಷದಲ್ಲಿ ಒಂದು ಹೆಕ್ಟೇರಿಗೆ 28 ಕಿಲೋಗಿಂತ ಹೆಚ್ಚು ತಾಮ್ರ ಬಿಡುವ ಹಾಗಿಲ್ಲ, ಅಂದರೆ ಸರಾಸರಿ ವರ್ಷಕ್ಕೆ 4 ಕಿಲೋ. ಇಲ್ಲಿ ಲೆಕ್ಕ ಹಾಕುವಾಗ ಜಾಗ್ರತೆ, ಮೈಲುತುತ್ತಿನಲ್ಲಿ ಕಾಲು ಭಾಗ ಮಾತ್ರ ತಾಮ್ರ, ಉಳಿದದ್ದು ಗಂಧಕ, ನೀರು ಇತ್ಯಾದಿ. ಹಾಗಾಗಿ 4 ಕಿಲೋ ತಾಮ್ರ ಅಂದರೆ ಸುಮಾರು 16 ಕಿಲೋ ಮೈಲುತುತ್ತು.

ನೀವು ಮಾಡಬೇಕಾದದ್ದು ಬಿಡುವುದನ್ನು ನಿಲ್ಲಿಸುವುದಲ್ಲ, ಪೋಲು ಮಾಡದೆ ಬಿಡುವುದು. ಗೊನೆಗೆ ಸರಿಯಾಗಿ ಹಿಡಿದು ಬಿಡಿ, ಮರ ಇಡೀ ತೋಯಿಸುವುದು ಬೇಡ. ಅಂಟು ಬೆರೆಸಿದರೆ ಮಳೆಗೆ ತೊಳೆದು ಹೋಗುವುದು ಕಡಿಮೆ. ಕಲಸಿದ ದಿನವೇ ಮುಗಿಸಿ. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿ, ಪ್ಲಾಸ್ಟಿಕ್ ಡ್ರಮ್ ಆಗಬಹುದು. ಸುಣ್ಣದ ನೀರಿಗೆ ಮೈಲುತುತ್ತಿನ ನೀರು ಹೊಯ್ಯಬೇಕು, ಉಲ್ಟಾ ಅಲ್ಲ. ಆಮೇಲೆ ಉಜ್ಜಿದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ, ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಅಂತ ಅರ್ಥ. ಆ ಲೇಪ ಹೋಗುವವರೆಗೆ ಸುಣ್ಣದ ತಿಳಿ ಸೇರಿಸಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸುವಾಗ ತಾಮ್ರವನ್ನೂ ನೋಡಲು ಹೇಳಿ. ಸುಮಾರು ಜನ ಸಾರಜನಕ, ರಂಜಕ, ಪೊಟಾಶ್ ಮಾತ್ರ ನೋಡಿಸಿ ಬಿಡುತ್ತಾರೆ.

ಸುರತ್ಕಲ್ ಹಡಗು:

ಮೂರನೆಯದು ನನ್ನದು. ಡುಕ್ರು ಬೊಕಾಯು ಮುಖ್ಯ ವೈನಿನ ಬಾಟಲಿ ಯುರೋಪಿನಲ್ಲೇ ನೂರು ಯೂರೋ ಮೇಲೆ ಹೋಗುತ್ತದೆ, ಒಳ್ಳೆಯ ವರ್ಷದ್ದಾದರೆ ಇನ್ನೂ ಜಾಸ್ತಿ. ಇಲ್ಲಿಗೆ ಬಂದರೆ ಸುಂಕ ಸೇರಿ ಮುಟ್ಟುವ ಹಾಗಿಲ್ಲ. ಗಲ್ಫಿನಲ್ಲಿ ಅಥವಾ ಯುರೋಪಿನಲ್ಲಿ ಇರುವ ನೆಂಟರು ಬರುವಾಗ ವಿಮಾನ ನಿಲ್ದಾಣದ ಅಂಗಡಿಯಲ್ಲಿ ವಿಚಾರಿಸಲು ಹೇಳಿ. ಮೊದಲ ಸಲಕ್ಕೆ ಅದೇ ಮನೆಯ ಲಾ ಕ್ರುವಾ ಡುಕ್ರು ಬೊಕಾಯು ಅನ್ನುವ ಇನ್ನೊಂದು ವೈನ್ ಸಾಕು. 1995ರಿಂದ ಮಾಡುತ್ತಿದ್ದಾರೆ, ಬೆಲೆ ತುಂಬಾ ಕಡಿಮೆ, ಬೇಗ ಕುಡಿಯಲು ಬರುತ್ತದೆ.

ಬಾಟಲಿ ಮೇಲಿನ ವರ್ಷ ನೋಡಿ ತೆಗೆದುಕೊಳ್ಳಿ. 2009, 2010, 2016 ಬೋರ್ಡೋಗೆ ತುಂಬಾ ಒಳ್ಳೆಯ ವರ್ಷಗಳು. 2013 ಬಿಟ್ಟುಬಿಡಿ, ಆ ವರ್ಷ ಹೂ ಬಿಡುವಾಗಲೂ ತಂಪು, ಕೊಯ್ಲಿನ ಹೊತ್ತಿಗೂ ಮಳೆ, ಹಣ್ಣು ಕೊಳೆಯುವ ಮೊದಲು ಅವಸರದಲ್ಲಿ ಕಿತ್ತವರೇ ಹೆಚ್ಚು. ಸೆಕೆಯಲ್ಲಿ ಹೊರಗೆ ಇಟ್ಟರೆ ವೈನ್ ಹಾಳಾಗುತ್ತದೆ, ಮಂಗಳೂರಿನ ಸೆಕೆಗೆ ಕೇಳುವುದೇ ಬೇಡ. ತಂದ ತಕ್ಷಣ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಮಲಗಿಸಿ ಇಡಿ. ಕುಡಿಯುವ ಒಂದು ಗಂಟೆ ಮೊದಲು ತೆಗೆದು ಮುಚ್ಚಳ ಬಿಚ್ಚಿ, ಅಗಲ ಬಾಯಿಯ ಗಾಜಿನ ಪಾತ್ರೆಗೆ ನಿಧಾನಕ್ಕೆ ಸುರಿದು ಬಿಡಿ. ಊಟಕ್ಕೆ ಖಾರದ ಸುಕ್ಕ ಬೇಡ, ಮೆಣಸಿನ ಖಾರಕ್ಕೆ ವೈನಿನ ಚೊಗರು ಇನ್ನೂ ಎದ್ದು ಕಾಣುತ್ತದೆ. ಖಾರ ಕಡಿಮೆ ಹಾಕಿ ಹುರಿದ ಕುರಿ ಮಾಂಸ ಆಗಬಹುದು, ನೀವು ಸಸ್ಯಾಹಾರಿ ಆಗಿದ್ದರೆ ತುಪ್ಪದಲ್ಲಿ ಹುರಿದ ಅಣಬೆ.